ಕರಿಬೇವಿನ ಗಿಡದಿಂದ ಕೆರೆಯ ಏರಿಯವರೆಗೆ

ಪುನರ್ವಸು ಮಳೆ ಜಿನುಗುತ್ತಿದ್ದ ಒಂದು ಬೆಳಿಗ್ಗೆ. ಒಗ್ಗರಣೆಗೆ ಕರಿಬೇವು ಕೀಳಲು ಹಿತ್ತಲಿಗೆ ಹೋದ ಅಮ್ಮ, ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆಯೆಂದು ಆ ಕಡ್ಡಿಯನ್ನು ಬಿಟ್ಟು ಬೇರೊಂದನ್ನು ಮುರಿದುಕೊಂಡಳು. ಆಗಷ್ಟೇ ಕೊಂಡಿದ್ದ ಮ್ಯಾಕ್ರೊ ಲೆನ್ಸ್ ಹಿಡಿದು ನಾನು ಬಗ್ಗಿ ನೋಡಿದೆ. ಹಿಕ್ಕೆ ಎಲೆಯ ಅಂಚನ್ನು ಮೇಯುತ್ತಿತ್ತು! ಅದು ಮಾರ್ಮನ್ ಚಿಟ್ಟೆಯ ಮರಿಹುಳು. ಕಂದು ಮೈ, ಬಿಳಿಯ ತೇಪೆ, ಒದ್ದೆ ಹೊಳಪು. ಹಕ್ಕಿಗಳ ಕಣ್ಣಿಗೆ ತಾನೇ ಹಕ್ಕಿಯ ಹಿಕ್ಕೆಯಂತೆ ಕಂಡು ಬದುಕಿಕೊಳ್ಳುವ ಉಪಾಯ ಅದರದು. ನಾಲ್ಕಾರು ದಿನ ಕಳೆದು ಪೊರೆ ಬಿಟ್ಟಾಗ ಎಲೆಯದೇ ಹಸಿರಾಯಿತು. ಕಡ್ಡಿಯಿಂದ ಮೆಲ್ಲಗೆ ತಾಗಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬೊಂದನ್ನು ಹೊರಗೆ ಚಾಚಿ ಘಾಟು ವಾಸನೆ ಬಿಡುತ್ತಿತ್ತು. ಆಮೇಲೆ ಕೋಶ ಕಟ್ಟಿತು. ಕೋಶದ ಬಣ್ಣ ಕಪ್ಪಗಾದ ಮರುದಿನ ಬೆಳಿಗ್ಗೆ, ಹಾಲಿನವನು ಬರುವ ಹೊತ್ತಿಗೆ, ಮುದುಡಿದ ರೆಕ್ಕೆಗಳನ್ನು ಇಳಿಬಿಟ್ಟುಕೊಂಡು ಚಿಟ್ಟೆ ಹೊರಗೆ ಬಂದು ಕೂತಿತ್ತು. ಇಷ್ಟೂ ಕಥೆಯ ಚಿತ್ರಗಳು ನನಗೆ ಸಿಕ್ಕಿದ್ದು ಅಡುಗೆಮನೆಯ ಬಾಗಿಲಿನಿಂದ ಎಂಟು ಹೆಜ್ಜೆ ದೂರದಲ್ಲಿ.

ನಾನಿರುವ ಮೈಸೂರಿನಿಂದ ಎರಡು ಗಂಟೆ ಕಾರು ಓಡಿಸಿದರೆ ಬಂಡೀಪುರ, ನಾಗರಹೊಳೆ, ಕಬಿನಿ ಹಿನ್ನೀರು. ಕ್ಯಾಮೆರಾ ಕೊಂಡವರ ಮನಸ್ಸು ಮೊದಲು ಓಡುವುದು ಅಲ್ಲಿಗೇ. ಸಫಾರಿಯಲ್ಲಿ ಹುಲಿ ಸಿಕ್ಕಿತೇ ಎಂಬುದೇ ಹವ್ಯಾಸದ ಅಳತೆಗೋಲಾಗಿಬಿಟ್ಟಿದೆ. ಹುಲಿಯ ಚಿತ್ರ ತೆಗೆಯುವುದು ತಪ್ಪೆಂದು ಹೇಳುತ್ತಿಲ್ಲ. ಆದರೆ ವರ್ಷಕ್ಕೆ ಎರಡು ಸಫಾರಿಗೆ ಹೋಗಿ, ಉಳಿದ ಮುನ್ನೂರ ಅರವತ್ತು ದಿನ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟವರು ನನಗೆ ಬಹಳ ಮಂದಿ ಗೊತ್ತು. ನಿಸರ್ಗದ ಫೋಟೊ ತೆಗೆಯಲು ಎಷ್ಟು ದೂರ ಹೋಗಬೇಕು? ಹತ್ತಿರದಲ್ಲೇ ಸುತ್ತಾಡುವ ಹವ್ಯಾಸಿಯ ಕೈಗೆ ಸಿಗುವುದೇನು, ಸಿಗದಿರುವುದೇನು? ಅವನ ಚಿತ್ರಗಳಿಂದ ಅವನಿಗಲ್ಲದೆ ಬೇರೆ ಯಾರಿಗಾದರೂ ಉಪಯೋಗ ಉಂಟೆ? ಹಲವು ಮಳೆಗಾಲ ಇದೇ ಕೆಲಸದಲ್ಲಿದ್ದವನಾಗಿ ಈ ಪ್ರಶ್ನೆಗಳನ್ನು ಒಟ್ಟಿಗೆ ನೋಡುವ ಪ್ರಯತ್ನ ಇದು.

ನಮ್ಮಲ್ಲಿ ಈ ಹವ್ಯಾಸಕ್ಕೆ ದೊಡ್ಡ ಹಿನ್ನೆಲೆಯೇ ಇದೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಇವರೆಲ್ಲ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೊರಗೆ ಹೆಸರು ತಂದವರು. ಒಂದು ರೋಲಿಗೆ ಮೂವತ್ತಾರು ಚಿತ್ರ; ತೊಳೆದು ಬರುವವರೆಗೆ ಏನು ಸಿಕ್ಕಿದೆಯೆಂದು ತಿಳಿಯದ ಕಾಲ ಅದು. ಆದರೂ ನನ್ನ ಮಟ್ಟಿಗೆ ಹತ್ತಿರದ ನೋಟದ ಗುರುಗಳು ಇನ್ನಿಬ್ಬರು. ಒಬ್ಬರು ಮದ್ರಾಸಿನ ಎಂ. ಕೃಷ್ಣನ್. ಬಿಡಿಭಾಗಗಳನ್ನು ಜೋಡಿಸಿ ತಾವೇ ಸಿದ್ಧಪಡಿಸಿಕೊಂಡ ಭಾರಿ ಕ್ಯಾಮೆರಾದಲ್ಲಿ ಕಪ್ಪು ಬಿಳುಪಿನ ಆನೆಗಳನ್ನು ಹಿಡಿದ ಅವರು, 1950ರಿಂದ 1996ರಲ್ಲಿ ತೀರಿಕೊಳ್ಳುವವರೆಗೂ ‘ದಿ ಸ್ಟೇಟ್ಸ್‌ಮನ್’ ಪತ್ರಿಕೆಯ ಅಂಕಣದಲ್ಲಿ ಊರೊಳಗಿನ ಹಕ್ಕಿ ಹುಳಗಳ ಬಗ್ಗೆಯೂ ಅಷ್ಟೇ ಗೌರವದಿಂದ ಬರೆದರು. ಇನ್ನೊಬ್ಬರು ನಮ್ಮ ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ತಮ್ಮ ತೋಟಕ್ಕೆ ಬರುವ ಹಕ್ಕಿಗಳನ್ನೇ ಕಾದು ಕೂತು ತೆಗೆದ ಚಿತ್ರಗಳ ಜೊತೆಗೆ ಅವರು ಕನ್ನಡದಲ್ಲಿ ಹಕ್ಕಿಪುಸ್ತಕಗಳನ್ನು ಕೊಟ್ಟಿದ್ದರಿಂದ, ಎಷ್ಟೋ ಕನ್ನಡಿಗರಿಗೆ ಮನೆಯ ಮುಂದಿನ ಹಕ್ಕಿಗೂ ಒಂದು ಹೆಸರಿದೆಯೆಂದು ಗೊತ್ತಾಯಿತು. ಕೃಷ್ಣನ್ ಅಂಗಳಕ್ಕೂ ತೇಜಸ್ವಿ ತೋಟಕ್ಕೂ ಹೊಂದುವ ಒಂದು ಮಾತಿದೆ: ಇಬ್ಬರೂ ಒಂದೇ ಜಾಗಕ್ಕೆ ಮತ್ತೆ ಮತ್ತೆ ಕಣ್ಣು ಹಾಯಿಸಿದರು. ಹತ್ತಿರದ ಛಾಯಾಗ್ರಾಹಕನಿಗಿರುವ ಬಂಡವಾಳ ಇದೊಂದೇ. ದೂರದಿಂದ ಬಂದ ಪರಿಣತನ ಬಳಿ ಒಳ್ಳೆಯ ಲೆನ್ಸ್ ಇರಬಹುದು. ನಾಳೆ ಮತ್ತೆ ಬರುವುದು ಅವನಿಂದಾಗದು.

ಋತುಗಳ ವಿಚಾರದಲ್ಲಿ ನಾನು ಮೊದಲು ದಾರಿ ತಪ್ಪಿದ್ದೆ. ಛಾಯಾಗ್ರಹಣದ ಪುಸ್ತಕಗಳು ಬಹುಪಾಲು ಇಂಗ್ಲೆಂಡ್, ಅಮೆರಿಕದವು. ಅಲ್ಲಿ ಎಲೆ ಕೆಂಪಾಗುವ ಶರತ್ಕಾಲ, ಹಿಮ, ವಸಂತ ಎಂದು ನಾಲ್ಕು ಭಾಗ. ಲಂಡನ್ನಿನಲ್ಲಿ ಬೇಸಿಗೆಯ ದೀರ್ಘ ಹಗಲಿಗೂ ಚಳಿಗಾಲದ ಗಿಡ್ಡ ಹಗಲಿಗೂ ಹೆಚ್ಚುಕಡಿಮೆ ಒಂಬತ್ತು ಗಂಟೆಯ ಅಂತರ. ಮೈಸೂರಿನಲ್ಲಿ ಆ ಅಂತರ ಒಂದೂವರೆ ಗಂಟೆಯೂ ಇಲ್ಲ. ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ನಾಲ್ಕನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದಲ್ಲೊಮ್ಮೆ. ಸೂರ್ಯ ಓರೆಯಾಗಿ ಏರದೆ ನೆಟ್ಟಗೆ ಏರುವ ನಾಡಿದು. ಹಾಗಾಗಿ ಹೊಂಬಿಸಿಲು ಬಹಳ ಹೊತ್ತು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಏಳೂವರೆಗೇ ಬೆಳಕು ಗಡುಸಾಗಿ, ಬೆಳ್ಳಕ್ಕಿಯ ಬಿಳುಪೆಲ್ಲ ಸುಣ್ಣ ಬಳಿದಂತೆ ಬರುತ್ತದೆ. ನಮ್ಮ ಋತುಮಾನವನ್ನು ಹಗಲಿನ ಉದ್ದದಲ್ಲಿ ಹುಡುಕಬಾರದು, ಮೋಡದಲ್ಲಿ ಹುಡುಕಬೇಕು.

ಅದಕ್ಕೆ ನಮ್ಮ ಹಿರಿಯರ ಬಳಿ ಪಂಚಾಂಗವೇ ಇತ್ತಲ್ಲ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ... ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆ. ರೈತ ಬಿತ್ತನೆಗೆ ಲೆಕ್ಕ ಹಾಕುವ ಈ ನಕ್ಷತ್ರಗಳೇ ಈಗ ನನ್ನ ತಿರುಗಾಟದ ವೇಳಾಪಟ್ಟಿ. ಜೂನ್ ಎಂದರೆ ನನಗೆ ಏನೂ ಕಾಣುವುದಿಲ್ಲ. ಮೃಗಶಿರ ಎಂದೊಡನೆ ಒದ್ದೆ ಮಣ್ಣಿನ ಮೇಲೆ ಹರಿಯುವ ಕೆಂಪು ಮಖಮಲ್ಲಿನಂಥ ಪುಟ್ಟ ಹುಳ ಕಣ್ಣೆದುರು ಬರುತ್ತದೆ.

ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಏಪ್ರಿಲ್ ಕೊನೆಯ ಆ ಮೊದಲ ಹೊಡೆತದ ಮಳೆ ಬಿದ್ದ ಸಂಜೆ ಬೀದಿದೀಪದ ಕೆಳಗೆ ನಿಂತವರಿಗೆ ಕೈತುಂಬ ಕೆಲಸ. ರೆಕ್ಕೆ ಬಂದ ಗೆದ್ದಲು ಹುತ್ತದಿಂದ ಹೊಗೆಯಂತೆ ಏಳುತ್ತವೆ. ಹಲ್ಲಿ, ಕಪ್ಪೆ, ಕಾಜಾಣ, ಬಾವಲಿ ಎಲ್ಲಕ್ಕೂ ಅಂದು ಹಬ್ಬದೂಟ. ಮುಂಗಾರು ಹಿಡಿದ ಮೇಲೆ ಹಕ್ಕಿಯ ಚಿತ್ರ ತೆಗೆಯುವವರು ಕ್ಯಾಮೆರಾ ಒಳಗಿಡುತ್ತಾರೆ. ನನ್ನ ಅನುಭವದಲ್ಲಿ ಇದು ದೊಡ್ಡ ನಷ್ಟ. ಮೋಡ ಕವಿದ ಆಕಾಶದಂಥ ಮೃದು ದೀಪವನ್ನು ಯಾವ ಸ್ಟುಡಿಯೊವೂ ಕಟ್ಟಲಾರದು. ಎಲೆಯ ಹಸಿರು, ಹುಳದ ಮೈಹೊಳಪು, ನೀರಹನಿ ಯಾವುದೂ ಕಣ್ಣು ಕುಕ್ಕುವುದಿಲ್ಲ, ಯಾವುದೂ ಕತ್ತಲಲ್ಲಿ ಮುಳುಗುವುದಿಲ್ಲ.

ಮಳೆಗಾಲದ ಸಣ್ಣ ಜೀವಗಳ ಬಗ್ಗೆ ಎಷ್ಟು ಹೇಳಿದರೂ ತೀರದು. ಮಾವಿನ ಎಲೆಗಳನ್ನು ಹೊಲಿದು ಗೂಡು ಮಾಡುವ ಕೆಂಜಿಗ ಇರುವೆಗಳ ಸಾಲನ್ನು ಒಮ್ಮೆ ತೆಗೆದಿದ್ದೆ. ರಾತ್ರಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವಾಗ ಸಾಲಿನ ಪಕ್ಕದಲ್ಲಿದ್ದ ಒಂದು ‘ಇರುವೆ’ಗೆ ಎಂಟು ಕಾಲು! ಕೆಂಜಿಗದ ವೇಷ ಹಾಕಿ, ಮುಂಗಾಲುಗಳನ್ನು ಮೀಸೆಯಂತೆ ಎತ್ತಿಕೊಂಡು ತಿರುಗುವ ಜೇಡ ಅದು. ಬರಿಗಣ್ಣಿಗೆ ಎಷ್ಟೋ ವರ್ಷ ಇರುವೆಯಾಗಿಯೇ ಕಂಡಿದ್ದ ಪ್ರಾಣಿ, ಒಂದು ಚಿತ್ರದಲ್ಲಿ ತನ್ನ ನಿಜ ರೂಪ ತೋರಿತು. ಕಿಟಕಿಯ ಚೌಕಟ್ಟಿನಲ್ಲಿ ಕುಂಬಾರ ಹುಳು ಹಸಿಮಣ್ಣಿನ ಪುಟ್ಟ ಕೊಡ ಮಾಡುವುದೂ ಇದೇ ದಿನಗಳಲ್ಲಿ. ಒಳಗೆ ಒಂದು ಮೊಟ್ಟೆಯಿಟ್ಟು, ಕುಟುಕಿ ಜಡಗೊಳಿಸಿದ ಕಂಬಳಿಹುಳಗಳನ್ನು ಮರಿಗೆ ಬುತ್ತಿಯಾಗಿ ತುಂಬಿ, ಬಾಯಿ ಮುಚ್ಚಿ ಹೋಗುತ್ತದೆ. ಕುರ್ಚಿ ಹಾಕಿಕೊಂಡು ಕೂತು ತೆಗೆಯಬಹುದಾದ ನಾಟಕ. ತಾಂತ್ರಿಕವಾಗಿ ಮಾತ್ರ ಇದು ಸುಲಭದ ಕೆಲಸವಲ್ಲ. ಹುಳವನ್ನು ಅದರ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡಿಸುವಾಗ, ಲೆನ್ಸಿನ ಕಿಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿದರೂ ಸ್ಪಷ್ಟವಾಗಿ ಬರುವ ಆಳ ಒಂದು, ಒಂದೂವರೆ ಮಿಲಿಮೀಟರ್ ಅಷ್ಟೇ. ಕಣ್ಣು ಸ್ಪಷ್ಟವಾದರೆ ಬಾಲ ಮಸುಕು. ಉಸಿರು ಬಿಗಿಹಿಡಿದು, ಮೊಣಕೈ ನೆಲಕ್ಕೂರಿ ತೆಗೆದ ಇಪ್ಪತ್ತರಲ್ಲಿ ಒಂದು ನೆಟ್ಟಗೆ ಬಂದರೆ ಆ ದಿನ ಸಾರ್ಥಕ.

ಊರಾಚೆಗೆ ಸ್ವಲ್ಪ ನಡೆಯಬಲ್ಲವರಿಗೆ ಮಳೆಗಾಲದ ದೊಡ್ಡ ನೋಟವೆಂದರೆ ಗೀಜಗ. ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಗಂಡು ಹಕ್ಕಿಗಳು ಹುಲ್ಲನ್ನು ನಾರುನಾರಾಗಿ ಸೀಳಿ ತಂದು ನೇಯುತ್ತವೆ. ಗೂಡು ಅರ್ಧವಾಗಿ ಟೋಪಿಯಂತೆ ತೂಗುವಾಗ ಹೆಣ್ಣುಗಳು ಬಂದು ಒಳಹೊಕ್ಕು ಪರೀಕ್ಷೆ ಮಾಡುತ್ತವೆ. ಮೆಚ್ಚಿದರೆ ಮಾತ್ರ ಉದ್ದದ ಕೊಳವೆಬಾಗಿಲು ಸೇರಿ ಕೆಲಸ ಮುಗಿಯುತ್ತದೆ. ಮೆಚ್ಚದಿದ್ದರೆ ಆ ಟೋಪಿ ಹಾಗೆಯೇ ಉಳಿಯುತ್ತದೆ. ಒಂದೇ ಭಾನುವಾರ ಹೋದವರಿಗೆ ಗೂಡು ನೇಯುವ ಚಂದದ ಹಳದಿ ಹಕ್ಕಿಯ ಚಿತ್ರ ಸಿಗುತ್ತದೆ. ಆರು ವಾರ ಹೋದವರಿಗೆ ಆಯ್ಕೆ, ತಿರಸ್ಕಾರ, ಮತ್ತೆ ಮೊದಲಿನಿಂದ ಶುರು ಮಾಡುವ ಗಂಡಿನ ಹಟ ಎಲ್ಲ ಸಿಗುತ್ತದೆ.

ಗೌರಿ ಹಬ್ಬದ ಹೊತ್ತಿಗೆ ಬೇಲಿಗಳಲ್ಲಿ ಗೌರಿ ಹೂ ಉರಿಯುವ ದೀಪದಂತೆ ನಿಂತಿರುತ್ತದೆ. ಹಸಿರಾಗಿ ಅರಳಿ, ಹಳದಿಯಾಗಿ, ಕೆಂಪಾಗುತ್ತ ಹೋಗುವ ಅದರ ಎಸಳುಗಳನ್ನು ಒಂದೇ ಬಳ್ಳಿಯಲ್ಲಿ ಮೂರೂ ಬಣ್ಣದಲ್ಲಿ ಕಾಣಬಹುದು. ಹಸ್ತ, ಚಿತ್ತೆ ಮಳೆಗಳ ನಡುವಿನ ಬಿಡುವಿನಲ್ಲಿ ತುಂಬೆ ಹೂಗಳ ಮೇಲೆ ಚಿಟ್ಟೆ ನೆರೆಯುತ್ತವೆ. ನೀಲಿ ಹುಲಿ, ಕಾಗೆ ಚಿಟ್ಟೆಗಳು ಹಿಂಡುಹಿಂಡಾಗಿ ವಲಸೆ ಹೋಗುವುದನ್ನು ಊರ ನಡುವಿನ ಬಯಲಲ್ಲಿ ನಿಂತೇ ನೋಡಬಹುದು. ಕಾಳು ಗಲಗಲ ಎನ್ನುವ ಗಿಜಿಗಿಜಿ ಗಿಡದ ಒಣಗಿದ ಕಡ್ಡಿಗೆ ಅವು ನೂರಾರು ಒಟ್ಟಿಗೆ ಮುತ್ತಿ ರಸ ಹೀರುತ್ತವೆ. ಮಕ್ಕಳು ಬಾಲಕ್ಕೆ ದಾರ ಕಟ್ಟಿ ಆಡುತ್ತಿದ್ದ ಏರೋಪ್ಲೇನ್ ಚಿಟ್ಟೆಗಳೂ ಇದೇ ಹೊತ್ತಿನಲ್ಲಿ ಬಯಲ ತುಂಬ. ಅವುಗಳಲ್ಲಿ ಹೊಂಬಣ್ಣದ ಒಂದು ಜಾತಿ ಮಾಲ್ಡೀವ್ಸ್ ಮೇಲಾಗಿ ಹಿಂದೂ ಮಹಾಸಾಗರವನ್ನೇ ದಾಟಿ ಆಫ್ರಿಕಾ ತಲುಪುತ್ತದೆ. ಶಾಲೆಯ ಮೈದಾನದ ಮೇಲೆ ತೇಲುತ್ತಿದ್ದ ಆ ಹುಳವನ್ನು ತೆಗೆಯುವಾಗ ಅದು ಗೊತ್ತಿದ್ದರೆ ಕೈ ತುಸು ನಡುಗುತ್ತದೆ.

ಆಮೇಲೆ ಚಳಿ. ಮಂಜು ಮುಸುಕಿದ ಡಿಸೆಂಬರ್ ಬೆಳಗುಗಳಲ್ಲಿ ಇಬ್ಬನಿ ಪೋಣಿಸಿಕೊಂಡ ಜೇಡರ ಬಲೆಗಳನ್ನು ಎಲ್ಲರೂ ತೆಗೆಯುತ್ತಾರೆ, ನಾನೂ ತೆಗೆದಿದ್ದೇನೆ. ಈ ಕಾಲದ ನಿಜವಾದ ಸಂಪತ್ತು ಕೆರೆಗಳಲ್ಲಿದೆ. ಮೈಸೂರಿಗೆ ಈ ಭಾಗ್ಯವನ್ನು ಅರಸರ ಕಾಲದವರು ಬಿಟ್ಟುಹೋಗಿದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಲಿಂಗಾಂಬುಧಿ ಕೆರೆ, ವಿಶ್ವವಿದ್ಯಾನಿಲಯದ ಮಗ್ಗುಲಿನ ಕುಕ್ಕರಹಳ್ಳಿ ಕೆರೆ, ಚಾಮುಂಡಿ ಬೆಟ್ಟದ ಬುಡದ ಕಾರಂಜಿ ಕೆರೆ. ಸೆಪ್ಟೆಂಬರಿನಲ್ಲೇ ಬೂದು ಸಿಪಿಲೆ ಬಾಲ ಕುಣಿಸುತ್ತ ಬಂದಿಳಿಯುತ್ತದೆ. ನಸುಕಿನಲ್ಲಿ ಏರಿಯ ಮೇಲೆ ನಡೆಯುವವರಿಗೆ ನಾಮಕೋಳಿ, ಗುಳುಮುಳುಕ, ಹೆಜ್ಜಾರ್ಲೆ, ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಮಿಂಚುಳ್ಳಿ. ಇಲ್ಲಿಯ ಹಕ್ಕಿಗಳಿಗೆ ಮನುಷ್ಯ ನಡೆದಾಡುವುದು ಅಭ್ಯಾಸವಾಗಿದೆ. ಕಾಡಿನಲ್ಲಿ ನೂರು ಅಡಿ ದೂರದಲ್ಲೇ ಹಾರಿಹೋಗುವ ಹಕ್ಕಿ ಇಲ್ಲಿ ಇಪ್ಪತ್ತು ಅಡಿಯಲ್ಲಿ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತದೆ. ಚಿಕ್ಕ ಲೆನ್ಸಿನ ಹವ್ಯಾಸಿಗೆ ಇದಕ್ಕಿಂತ ಉಪಕಾರ ಬೇರೆ ಬೇಕೆ?

ತುಸು ದೂರ ಹೋದರೆ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಚಳಿಗಾಲ ಕಳೆಯುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲೂ ಹಾಗೆಯೇ. ಮಂಗೋಲಿಯಾದಲ್ಲಿ ಸಂಶೋಧಕರು ಕುತ್ತಿಗೆಗೆ ಸಂಖ್ಯೆಯ ಪಟ್ಟಿ ತೊಡಿಸಿದ್ದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ದೂರದ ಹಿಂಡಿನಲ್ಲಿ ಕುತ್ತಿಗೆ ತಿರುಗಿಸುತ್ತಿರುವ ಹಕ್ಕಿಯ ಪಟ್ಟಿಯ ಮೇಲಿನ ಅಕ್ಷರ ಬರಿಗಣ್ಣಿಗೆ ಕಾಣದು, ಒಂದು ಫೋಟೊದಲ್ಲಿ ಕಂಡೀತು. ಅಂಥ ಚಿತ್ರ ಬೆಳಕಿನಲ್ಲೂ ಚೌಕಟ್ಟಿನಲ್ಲೂ ಎಷ್ಟೇ ಸಾಧಾರಣವಾಗಿದ್ದರೂ ಎರಡು ದೇಶಗಳ ನಡುವಿನ ದಾರಿಗೆ ಅದೊಂದು ಸಾಕ್ಷಿ.

ಶಿವರಾತ್ರಿಯ ಆಸುಪಾಸಿನಲ್ಲಿ ಎಲೆ ಉದುರಿಸಿದ ಬೂರುಗ, ಮುತ್ತುಗ ಕೆಂಪೇರುತ್ತವೆ. ಒಂದು ಬೂರುಗದ ಕೆಳಗೆ ಬೆಳಗಿನಿಂದ ಹತ್ತರವರೆಗೆ ಕೂತರೆ ಸೂರಕ್ಕಿ, ಪಿಕಳಾರ, ಕಾಗೆ, ಅಳಿಲು, ಗುಲಾಬಿ ಮೈನಾಗಳ ಗದ್ದಲ ಎಲ್ಲವೂ ತಾವಾಗಿಯೇ ಬಂದು ಹೋಗುತ್ತವೆ. ಯುಗಾದಿಗೆ ಹೊಂಗೆಯ ತಳಿರು. ಹಿಂಬದಿಯಿಂದ ಬಿಸಿಲು ಬಿದ್ದ ಆ ಎಳೆ ಹಸಿರನ್ನು ಹಿಡಿಯಲು ಯಾವ ದುಬಾರಿ ಲೆನ್ಸೂ ಬೇಡ. ಕಕ್ಕೆಯ ಹಳದಿ ಗೊಂಚಲಿನೊಂದಿಗೆ ಬೇಸಿಗೆ ಮುಗಿಯುತ್ತದೆ, ಮತ್ತೆ ಭರಣಿಗೆ ಕಾಯುವುದು.

ಸಲಕರಣೆಯ ಚರ್ಚೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ, ಎಲ್ಲಕ್ಕಿಂತ ಕಡಿಮೆ ಫಲ ಕೊಡುತ್ತದೆ. ಹೂ, ಮರ, ಕೆರೆ, ಜೇಡರ ಬಲೆಗೆ ಮೊಬೈಲ್ ಸಾಕು. ಹಳೆಯ 50 ಮಿಲಿಮೀಟರ್ ಲೆನ್ಸನ್ನು ತಿರುಗಿಸಿ ಕೂರಿಸಿಕೊಂಡರೆ ಅದೇ ಮ್ಯಾಕ್ರೊ. ಹಕ್ಕಿಗೆ ಮಾತ್ರ 300 ಮಿಲಿಮೀಟರ್ ಆದರೂ ಇದ್ದರೆ ಚೆನ್ನ. ಲೆನ್ಸಿಗಿಂತ ಹೆಚ್ಚಿನ ಚಿಂತೆ ನಮ್ಮ ಮಳೆಗಾಲದ ಬೂಷ್ಟು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡದಿದ್ದರೆ ಗಾಜಿನೊಳಗೆ ಬಲೆ ಕಟ್ಟುತ್ತದೆ. ಇನ್ನು ಬಿಳಿಹಕ್ಕಿಗಳನ್ನು ತೆಗೆಯುವಾಗ ಬೆಳಕನ್ನು ಅರ್ಧ ಅಥವಾ ಒಂದು ಸ್ಟಾಪ್ ಇಳಿಸಿಕೊಳ್ಳಬೇಕು. ಇಷ್ಟು ತಿಳಿದರೆ ಮನೆಯಿಂದ ಹೊರಡಬಹುದು.

ಹತ್ತಿರದಲ್ಲಿರುವುದರಿಂದಲೇ ಬರುವ ಅಪಾಯವೊಂದಿದೆ. ಅದನ್ನು ನಾನು ಕಲಿತ ಬಗೆ ಹೇಳಲು ಸುಲಭವಲ್ಲ. ಮೊದಲ ವರ್ಷ ನಮ್ಮ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿ ಮೂರು ಮರಿ ಮಾಡಿತ್ತು. ಗೂಡಿನ ಮುಂದಿದ್ದ ಒಂದು ರೆಂಬೆ ಚಿತ್ರಕ್ಕೆ ಅಡ್ಡವಾಗುತ್ತಿತ್ತು. ಕತ್ತರಿಸಿದೆ. ಆ ಸಂಜೆ ತಾಯಿ ಮರಿಗಳಿಗೆ ಗುಟುಕು ಕೊಡುವ ಬಹಳ ಒಳ್ಳೆಯ ಚಿತ್ರಗಳು ಸಿಕ್ಕವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಕೆಂಬೂತವೊಂದು ಆ ಕಿಂಡಿಯಿಂದಲೇ ಗೂಡನ್ನು ಕಂಡುಕೊಂಡು ಮೂರನ್ನೂ ಹೊತ್ತೊಯ್ದಿತ್ತು. ಎರಡು ದಿನ ತಾಯಿಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಬರುತ್ತಲೇ ಇತ್ತು. ಆ ಚಿತ್ರಗಳನ್ನು ಯಾರಿಗೂ ತೋರಿಸಿಲ್ಲ, ಅಳಿಸಿಯೂ ಇಲ್ಲ. ಅಂದಿನಿಂದ ಗೂಡಿನ ಚಿತ್ರ ತೆಗೆದಿಲ್ಲ. ಕೊಂಬೆ ಹಕ್ಕಿಯ ಗೂಡಿನ ಗೋಡೆ. ಅದನ್ನು ತೆಗೆಯುವ ಹಕ್ಕು ನಮಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ ಕಾಡು ಹಕ್ಕಿಗಳ ಮೊಟ್ಟೆ ಗೂಡುಗಳಿಗೆ ತೊಂದರೆ ಕೊಡುವುದನ್ನು ‘ಬೇಟೆ’ಯ ವ್ಯಾಖ್ಯೆಯೊಳಗೇ ಸೇರಿಸಿದೆ. ಬಂದೂಕಿಲ್ಲದವನೂ ಬೇಟೆಗಾರನಾಗಬಹುದು.

ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಹಾಕಿ ಕರೆಯುವುದು, ಹುಲ್ಲುಗಾವಲಿನಲ್ಲಿ ಕಾರು ನುಗ್ಗಿಸಿ ನೆಲದ ಮೇಲೆ ಮೊಟ್ಟೆಯಿಟ್ಟ ಟಿಟ್ಟಿಭವನ್ನು ಎಬ್ಬಿಸುವುದು, ಚಿಟ್ಟೆ ಕದಲದಿರಲೆಂದು ಫ್ರಿಜ್ಜಿನಲ್ಲಿಡುವುದು, ಇವೆಲ್ಲ ನಮ್ಮ ನಡುವೆಯೇ ನಡೆಯುತ್ತಿವೆ. ಕಾಡಿನಲ್ಲಾದರೆ ತಡೆಯಲು ಕಾವಲುಗಾರನಿದ್ದಾನೆ. ಊರ ಕೆರೆಗೆ, ಬೇಲಿಗೆ, ಬಯಲಿಗೆ ಯಾರೂ ಇಲ್ಲ. ಕ್ಯಾಮೆರಾ ಹಿಡಿದವನೇ ಕಾವಲುಗಾರನೂ ಆಗಬೇಕು.

ಈ ಚಿತ್ರಗಳಿಂದ ಉಪಯೋಗವೇನು ಎಂಬ ಪ್ರಶ್ನೆಗೆ ಇಪ್ಪತ್ತು ವರ್ಷದ ಹಿಂದೆ ಗೋಡೆಗೆ ತೂಗುಹಾಕುವುದು, ಸ್ಪರ್ಧೆಗೆ ಕಳಿಸುವುದು ಎಂದಷ್ಟೇ ಉತ್ತರವಿತ್ತು. ಈಗ ಹಾಗಿಲ್ಲ. ಕಂಡದ್ದನ್ನು ದಾಖಲಿಸಲು ಜಾಲತಾಣಗಳಿವೆ. ಹಕ್ಕಿಗಳಿಗೆ ಈಬರ್ಡ್, ಎಲ್ಲ ಜೀವಿಗಳಿಗೂ ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್. ಮರಗಳು ಚಿಗುರುವ, ಹೂ ಬಿಡುವ, ಕಾಯಿ ಕಟ್ಟುವ ವೇಳೆಯನ್ನು ವಾರವಾರ ದಾಖಲಿಸಲು ಸೀಸನ್‌ವಾಚ್. ದಿನಾಂಕ, ಜಾಗ ಇದ್ದರೆ ಮಸುಕಾದ ಚಿತ್ರಕ್ಕೂ ಅಲ್ಲಿ ಬೆಲೆ. ಮೈಸೂರಿನಲ್ಲೇ 2014ರಿಂದ 2016ರವರೆಗೆ ಹವ್ಯಾಸಿಗಳು ನಗರವನ್ನು ಚೌಕಗಳಾಗಿ ಹಂಚಿಕೊಂಡು ಬೀದಿಬೀದಿ ಸುತ್ತಿ ಹಕ್ಕಿಗಳ ಭೂಪಟವನ್ನೇ ಸಿದ್ಧಪಡಿಸಿದರು. ಒಂದೇ ಜಾಗದಲ್ಲಿ ಎಷ್ಟು ಕಾಣಬಹುದೆನ್ನುವುದಕ್ಕೆ ಇಂಗ್ಲೆಂಡಿನ ಲೆಸ್ಟರ್ ಊರಿನ ಜೆನಿಫರ್ ಓವೆನ್ ಅವರಷ್ಟು ದೊಡ್ಡ ನಿದರ್ಶನ ನನಗೆ ಬೇರೆ ಗೊತ್ತಿಲ್ಲ. ತಮ್ಮ ಮನೆಯ ಸಾಧಾರಣ ಕೈತೋಟದಲ್ಲಿ ಮೂವತ್ತು ವರ್ಷ ನೋಡಿ ಅವರು ಗುರುತಿಸಿದ ಜೀವಜಾತಿಗಳು 2,673. ಅಷ್ಟು ಚಳಿಯ ನಾಡಿನಲ್ಲಿ ಅಷ್ಟಿದ್ದರೆ, ನಮ್ಮ ಹಿತ್ತಲಿನ ಲೆಕ್ಕ ಇಟ್ಟವರು ಯಾರು?

ಹತ್ತಿರದ ಹವ್ಯಾಸಕ್ಕೆ ಮಿತಿಗಳೂ ಇವೆ. ಆನೆ, ಹುಲಿ, ಕಾಟಿ ನಮ್ಮ ಬೀದಿಗೆ ಬರಲಾರವು, ಬರಬಾರದು. ಊರೊಳಗಿನ ಜೀವಗಳನ್ನೇ ನೋಡುತ್ತಿದ್ದರೆ ಕಾಡು ಎಲ್ಲೆಡೆ ಇದೆಯೆಂಬ ಭ್ರಮೆಯೂ ಹುಟ್ಟಬಹುದು. ಪಾರಿವಾಳ, ಕಾಗೆ ಹೆಚ್ಚಿದ ಮಾತ್ರಕ್ಕೆ ಊರು ಜೀವಂತವಾಗಿದೆ ಎನ್ನಲಾಗದು. ಈ ಭ್ರಮೆಯನ್ನು ಬಿಡಿಸಿದ್ದು ಹಳೆಯ ಚಿತ್ರವೊಂದು.

ನಮ್ಮ ಬಡಾವಣೆಯ ಹಿಂದೆ ಹೆಸರೂ ಇಲ್ಲದ ಒಂದು ಸಣ್ಣ ಕೆರೆಯಿದೆ. ಅಲ್ಲಿ ನಾನು ಮೊದಮೊದಲು ತೆಗೆದ ಬೂದು ಸಿಪಿಲೆಯ ಚಿತ್ರವನ್ನು ಕಳೆದ ವರ್ಷ ಮತ್ತೆ ತೆರೆದೆ. ಹಕ್ಕಿ ಚೌಕಟ್ಟಿನ ತುಂಬ ಇದೆ, ಕಣ್ಣಿನಲ್ಲಿ ಬೆಳಕಿನ ಚುಕ್ಕಿಯೂ ಇದೆ. ನನ್ನ ಕಣ್ಣು ಹೋದದ್ದು ಹಿಂಬದಿಗೆ. ಮಸುಕಾದ ಕೆಸರು, ಜೊಂಡು, ಅದರ ಆಚೆ ಗುರುತು ಹಿಡಿಯಲಾಗದ ನಾಲ್ಕೈದು ಗದ್ದೆಗೊರವಗಳ ಆಕಾರ. ಆ ಅಂಚಿಗೆ ಈಗ ಸುತ್ತಲೂ ಕಲ್ಲು ಕಟ್ಟಿದ್ದಾರೆ. ಕೆಸರಿಲ್ಲ, ಜೊಂಡಿಲ್ಲ, ತೆಳುನೀರಿನಲ್ಲಿ ಕೊಕ್ಕು ಊರಿ ಮೇಯುವ ಹಕ್ಕಿಗಳಿಗೆ ಕಾಲೂರಲು ಜಾಗವಿಲ್ಲ. ಇಡೀ ಕೆರೆಯನ್ನು ತೋರುವ ಒಂದು ಅಗಲ ಚಿತ್ರಕ್ಕಾಗಿ ಹಾರ್ಡ್ ಡಿಸ್ಕನ್ನೆಲ್ಲ ಹುಡುಕಿದೆ. ಸಾವಿರಾರು ಹಕ್ಕಿಗಳಿದ್ದವು, ಕೆರೆ ಒಂದರಲ್ಲೂ ಇರಲಿಲ್ಲ.

ಈಗ ಪ್ರತಿ ಮಳೆ ನಕ್ಷತ್ರ ಬದಲಾದ ಮೊದಲ ಭಾನುವಾರ ತೂಬಿನ ಪಕ್ಕದ ಅದೇ ಕಲ್ಲಿನ ಮೇಲೆ ನಿಲ್ಲುತ್ತೇನೆ. ಉದ್ದ ಲೆನ್ಸನ್ನು ಕಳಚಿ, ಮೊಬೈಲ್ ಅಡ್ಡ ಹಿಡಿದು, ಎಡಕ್ಕೆ ಬೇವಿನ ಮರ, ಬಲಕ್ಕೆ ನೀರಿನ ಟ್ಯಾಂಕು ಬರುವಂತೆ ಇಡೀ ಕೆರೆಯ ಒಂದು ಚಿತ್ರ ತೆಗೆಯುತ್ತೇನೆ. ಆಮೇಲೆ ಹಕ್ಕಿ ನೋಡಲು ಹೋಗುತ್ತೇನೆ. ಹೋದ ಚಿತ್ತೆ ಮಳೆಯ ಚಿತ್ರದಲ್ಲಿ, ಕಲ್ಲಿನ ಕಟ್ಟೆ ಕುಸಿದ ಮೂಲೆಯೊಂದರಲ್ಲಿ, ಒಂದು ಹಿಡಿ ಜೊಂಡು ಕಾಣಿಸಿದೆ.